ಓದುಗರ ಪ್ರಶ್ನೆಗಳು: ತಂತಿಯೊಳಗೆ ಹರಿಯುವುದೇನು, ಸೂಜಿ ತಿರುಗುವುದೇಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಿದ್ಯುತ್ತು ಮತ್ತು ಕಾಂತತ್ವದ ಪಾಠಗಳನ್ನು ಈಗಷ್ಟೇ ಓದಲು ತೊಡಗಿರುವ ವಿದ್ಯಾರ್ಥಿಗಳವು. ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಒಂದರ ಉತ್ತರ ಮುಂದಿನದಕ್ಕೆ ಮೆಟ್ಟಿಲಾಗುತ್ತದೆ. ಆದ್ದರಿಂದ ಅವನ್ನು ಬಂದ ಕ್ರಮದಲ್ಲಿಡದೆ ತಿಳಿಯಲು ಅನುಕೂಲವಾಗುವ ಕ್ರಮದಲ್ಲಿ ಜೋಡಿಸಿದ್ದೇನೆ.

ಪ್ರಶ್ನೆ: ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನುಗಳು ಬಸವನಹುಳುವಿಗಿಂತಲೂ ನಿಧಾನವಾಗಿ ಸಾಗುತ್ತವೆ ಎಂದು ಓದಿದೆ. ಹಾಗಿದ್ದರೆ ಸ್ವಿಚ್ ಒತ್ತಿದೊಡನೆ ದೀಪ ಹೊತ್ತಿಕೊಳ್ಳುವುದು ಹೇಗೆ?

ಉತ್ತರ: ನೀವು ಓದಿದ್ದು ನಿಜ, ಮತ್ತು ಅದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಒಂದು ಆಂಪೇರ್ ಪ್ರವಾಹವೆಂದರೆ ತಂತಿಯ ಯಾವುದೇ ಅಡ್ಡಕೊಯ್ತದ ಮೂಲಕ ಪ್ರತಿ ಸೆಕೆಂಡಿಗೆ ಒಂದು ಕೂಲಂಬ್ ಆವೇಶ, ಅಂದರೆ ಸುಮಾರು 6.24 × 10¹⁸ ಎಲೆಕ್ಟ್ರಾನುಗಳು, ದಾಟಿಹೋಗುವುದು. ಒಂದು ಘನ ಮಿಲಿಮೀಟರ್ ತಾಮ್ರದಲ್ಲಿ ಸ್ವತಂತ್ರವಾಗಿ ಅಲೆದಾಡುವ ಎಲೆಕ್ಟ್ರಾನುಗಳ ಸಂಖ್ಯೆ ಸುಮಾರು 8.5 × 10¹⁹. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವಿರುವ ತಂತಿಯನ್ನು ತೆಗೆದುಕೊಂಡು ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿ: ಸೆಕೆಂಡಿಗೆ 0.07 ಮಿಲಿಮೀಟರಿಗಿಂತ ತುಸು ಹೆಚ್ಚು ಎಂಬ ಉತ್ತರ ಬರುತ್ತದೆ. ಈ ವೇಗದಲ್ಲಿ ಒಂದು ಮೀಟರ್ ಸಾಗಲು ಎಲೆಕ್ಟ್ರಾನಿಗೆ ಹೆಚ್ಚುಕಡಿಮೆ ಮೂರೂಮುಕ್ಕಾಲು ಗಂಟೆ ಬೇಕು.

ಇಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ಒಂದು ಊಹೆ: ಸ್ವಿಚ್ಚಿನ ಬಳಿಯಿಂದ ಹೊರಟ ಎಲೆಕ್ಟ್ರಾನೇ ದೀಪವನ್ನು ತಲಪಬೇಕು ಎಂಬುದು. ತಂತಿ ಖಾಲಿ ಕೊಳವೆಯಲ್ಲ. ಸ್ವಿಚ್ ಒತ್ತುವ ಮೊದಲೇ ಅದರ ಉದ್ದಕ್ಕೂ, ದೀಪದ ಒಳಗಿನ ತಂತುವಿನಲ್ಲಿಯೂ, ಎಲೆಕ್ಟ್ರಾನುಗಳು ತುಂಬಿಕೊಂಡಿವೆ. ಅವು ಸುಮ್ಮನೆ ನಿಂತಿರುವುದೂ ಇಲ್ಲ. ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಎಲ್ಲ ದಿಕ್ಕುಗಳಿಗೂ ಓಡಾಡುತ್ತಿರುತ್ತವೆ, ಆದರೆ ಎಡಕ್ಕೆ ಹೋಗುವಷ್ಟೇ ಬಲಕ್ಕೂ ಹೋಗುವುದರಿಂದ ಒಟ್ಟಾರೆ ಪ್ರವಾಹ ಸೊನ್ನೆಯಾಗಿರುತ್ತದೆ. ಸ್ವಿಚ್ ಒತ್ತಿದಾಗ ಮಂಡಲ, ಅಂದರೆ ಪ್ರವಾಹ ಸುತ್ತಿ ಬರುವ ದಾರಿ, ಪೂರ್ಣಗೊಂಡು, ತಂತಿಯ ಮೇಲ್ಮೈಯಲ್ಲಿ ಆವೇಶಗಳ ಹಂಚಿಕೆ ಬದಲಾಗಿ, ಅದರಿಂದ ಉಂಟಾದ ವಿದ್ಯುತ್ ಕ್ಷೇತ್ರವು ಬೆಳಕಿನ ವೇಗಕ್ಕೆ ಹತ್ತಿರವಾದ ವೇಗದಲ್ಲಿ ಮಂಡಲದ ಉದ್ದಕ್ಕೂ ಹರಡುತ್ತದೆ. ಕ್ಷೇತ್ರ ತಲಪಿದ ಕೂಡಲೇ ಅಲ್ಲಲ್ಲಿಯ ಎಲೆಕ್ಟ್ರಾನುಗಳು ತಮ್ಮ ಅಸ್ತವ್ಯಸ್ತ ಓಟವನ್ನು ಬಿಡದೆಯೇ ಒಂದು ದಿಕ್ಕಿಗೆ ಅತಿ ನಿಧಾನವಾಗಿ ಸರಿಯತೊಡಗುತ್ತವೆ. ಆ ನಿಧಾನವಾದ ಸರಿಯುವಿಕೆಯೇ ವಿದ್ಯುತ್ ಪ್ರವಾಹ.

ಸೈಕಲ್ಲಿನ ಚೈನನ್ನು ನೆನಪಿಗೆ ತಂದುಕೊಳ್ಳಿ. ಪೆಡಲನ್ನು ತುಳಿದಾಗ ಹಿಂದಿನ ಚಕ್ರ ತಿರುಗಲು, ಮುಂದಿರುವ ಕೊಂಡಿಯೊಂದು ಹಿಂದಕ್ಕೆ ಬಂದು ಮುಟ್ಟುವವರೆಗೆ ಕಾಯಬೇಕಾಗಿಲ್ಲ. ಇಡೀ ಚೈನು ಒಟ್ಟಿಗೆ ಸರಿಯುತ್ತದೆ, ಮತ್ತು ಎಲ್ಲಿ ತುಂಡಾದರೂ ಇಡೀ ಚೈನಿನ ಕೆಲಸ ನಿಲ್ಲುತ್ತದೆ. ನೀರಿನ ಕೊಳವೆಯ ಹೋಲಿಕೆಗಿಂತ ಇದು ಮೊದಲ ಪಾಠಕ್ಕೆ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಕೊಳವೆ ಒಡೆದರೆ ನೀರು ಸೋರುತ್ತದೆ, ಆದರೆ ತಂತಿ ತುಂಡಾದರೆ ವಿದ್ಯುತ್ತು ನೆಲಕ್ಕೆ ಸುರಿಯುವುದಿಲ್ಲ. ಪರ್ಯಾಯ ಪ್ರವಾಹದಲ್ಲಿ ಎಲೆಕ್ಟ್ರಾನುಗಳು ಮುಂದೆ ಸಾಗುವುದೂ ಇಲ್ಲ. ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗುವ ಪ್ರವಾಹದಲ್ಲಿ, ಮೇಲೆ ಹೇಳಿದ ತಂತಿಯಲ್ಲಿನ ಅವುಗಳ ತೂಗಾಟ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟೂ ಇರುವುದಿಲ್ಲ.

ಪ್ರಶ್ನೆ: ದೀಪದೊಳಗೆ ಹೋದ ಪ್ರವಾಹದಲ್ಲಿ ಸ್ವಲ್ಪ ಭಾಗ ಬೆಳಕಾಗಿ ಖರ್ಚಾಗಬೇಕಲ್ಲವೇ? ಹೊರಬರುವ ಪ್ರವಾಹ ಕಡಿಮೆ ಇರಬೇಕಲ್ಲವೇ?

ಉತ್ತರ: ಇರುವುದಿಲ್ಲ. ದೀಪದ ಎರಡೂ ಬದಿಗೆ ಪ್ರವಾಹ ಅಳೆಯುವ ಒಂದೊಂದು ಅಮ್ಮೀಟರ್ ಜೋಡಿಸಿದರೆ ಎರಡೂ ಒಂದೇ ಅಳತೆಯನ್ನು ತೋರಿಸುತ್ತವೆ. ವಿದ್ಯುತ್ತಿನ ಪಾಠದಲ್ಲಿ ವಿದ್ಯಾರ್ಥಿಗಳನ್ನು ಅತಿ ಹೆಚ್ಚು ಕಾಲ ಕಾಡುವ ತಪ್ಪು ತಿಳಿವಳಿಕೆ ಇದೇ ಇರಬಹುದು, ಆದ್ದರಿಂದ ಇದನ್ನು ಆರಂಭದಲ್ಲಿಯೇ ತಿದ್ದಿಕೊಳ್ಳುವುದು ಮುಖ್ಯ. ಸೈಕಲ್ಲಿನ ಚಕ್ರ ಕೊಂಡಿಗಳನ್ನು ನುಂಗುವುದಿಲ್ಲ. ತುಳಿಯುವವರ ಶ್ರಮ ಮಾತ್ರ ಖರ್ಚಾಗುತ್ತದೆ. ಹಾಗೆಯೇ ದೀಪದಲ್ಲಿ ಖರ್ಚಾಗುವುದು ಶಕ್ತಿ.

ವಿಭವಾಂತರ ಎಂಬ ಪದದ ಅರ್ಥ ಇಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಒಂದೂವರೆ ವೋಲ್ಟಿನ ಶುಷ್ಕಕೋಶ ಎಂದರೆ ತನ್ನ ಮೂಲಕ ಹಾದುಹೋಗುವ ಪ್ರತಿಯೊಂದು ಕೂಲಂಬ್ ಆವೇಶಕ್ಕೆ ಒಂದೂವರೆ ಜೂಲ್ ಶಕ್ತಿಯನ್ನು ಕೊಡುವ ಕೋಶ ಎಂದರ್ಥ. ಆ ಕೋಶಕ್ಕೆ ಜೋಡಿಸಿದ ಚಿಕ್ಕ ದೀಪದಲ್ಲಿ 0.2 ಆಂಪೇರ್ ಪ್ರವಾಹವಿದ್ದರೆ ಹತ್ತು ಸೆಕೆಂಡಿನಲ್ಲಿ 2 ಕೂಲಂಬ್ ಆವೇಶ ಹಾದುಹೋಗಿರುತ್ತದೆ, 3 ಜೂಲ್ ಶಕ್ತಿ ಶಾಖವೂ ಬೆಳಕೂ ಆಗಿರುತ್ತದೆ, ಮತ್ತು ಆ 2 ಕೂಲಂಬ್ ಆವೇಶ ಒಂದಿಷ್ಟೂ ಕುಂದದೆ ಕೋಶಕ್ಕೆ ಮರಳಿರುತ್ತದೆ. ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ದೊರೆಯುವ 7.5 ಓಮ್ ಎಂಬುದು ಉರಿಯುತ್ತಿರುವ ದೀಪದ ರೋಧ, ಅಂದರೆ ಪ್ರವಾಹಕ್ಕೆ ಅದು ಒಡ್ಡುವ ಅಡ್ಡಿ. ಉರಿಯುತ್ತಿರುವ ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇನೆ: ತಣ್ಣಗಿರುವಾಗ ತಂತುವಿನ ರೋಧ ಇದಕ್ಕಿಂತ ಬಹಳ ಕಡಿಮೆ ಇರುತ್ತದೆ. ಕೋಶ ಮುಗಿಯಿತು ಎಂದು ನಾವು ಹೇಳುವಾಗ ಅದರಲ್ಲಿನ ಆವೇಶ ಖಾಲಿಯಾಗಿರುವುದಿಲ್ಲ. ಶಕ್ತಿ ಒದಗಿಸುತ್ತಿದ್ದ ರಾಸಾಯನಿಕ ಕ್ರಿಯೆ ಮುಂದುವರಿಯಲಾಗದ ಸ್ಥಿತಿಗೆ ಬಂದಿರುತ್ತದೆ.

ಪ್ರಶ್ನೆ: ಎಲೆಕ್ಟ್ರಾನುಗಳು ಋಣದಿಂದ ಧನದ ಕಡೆಗೆ ಚಲಿಸುವಾಗ ಪ್ರವಾಹದ ದಿಕ್ಕನ್ನು ಮಾತ್ರ ಧನದಿಂದ ಋಣದ ಕಡೆಗೆ ಏಕೆ ಗುರುತಿಸುತ್ತೇವೆ?

ಉತ್ತರ: ಧನ, ಋಣ ಎಂಬ ಹೆಸರುಗಳನ್ನು 18ನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಬಳಕೆಗೆ ತಂದರು. ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದು 1897ರಲ್ಲಿ. ಅಷ್ಟರಲ್ಲಿ ಹಳೆಯ ರೂಢಿ ಎಲ್ಲ ಸೂತ್ರಗಳಲ್ಲಿ ನೆಲೆಯೂರಿತ್ತು. ಋಣ ಆವೇಶ ಒಂದು ಕಡೆಗೆ ಹೋಗುವುದೂ ಅಷ್ಟೇ ಧನ ಆವೇಶ ಎದುರು ದಿಕ್ಕಿಗೆ ಹೋಗುವುದೂ ಮಂಡಲದ ಲೆಕ್ಕದಲ್ಲಿ ಒಂದೇ ಆದ್ದರಿಂದ ರೂಢಿಯನ್ನು ಬದಲಿಸುವ ಅಗತ್ಯ ಬೀಳಲಿಲ್ಲ.

ಪ್ರಶ್ನೆ: ವಿದ್ಯುತ್ತಿಗೂ ಕಾಂತತ್ವಕ್ಕೂ ಸಂಬಂಧವಿದೆ ಎಂದು ಪಾಠದಲ್ಲಿ ಹೇಳಿದರು. ಅದನ್ನು ಕಣ್ಣಾರೆ ನೋಡಲು ಸಾಧ್ಯವೇ? ಮತ್ತೊಂದು ಅನುಮಾನ: ಅಯಸ್ಕಾಂತಕ್ಕೆ ಯಾವ ತಂತಿಯನ್ನೂ ಜೋಡಿಸಿರುವುದಿಲ್ಲವಲ್ಲ, ಅದರಲ್ಲಿ ಕಾಂತತ್ವ ಎಲ್ಲಿಂದ ಬಂತು?

ಉತ್ತರ: ಖಂಡಿತ ನೋಡಬಹುದು. ಒಂದು ಶುಷ್ಕಕೋಶ, ಒಂದು ತಂತಿ, ಒಂದು ದಿಕ್ಸೂಚಿ ಇದ್ದರೆ ಸಾಕು. ದಿಕ್ಸೂಚಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ಸೂಜಿ ನಿಂತಿರುವ ದಿಕ್ಕಿನಲ್ಲಿಯೇ ತಂತಿಯನ್ನು ಅದರ ಮೇಲೆ ಹಾಯಿಸಿ, ತಂತಿಯ ಎರಡು ತುದಿಗಳನ್ನು ಕೋಶದ ಎರಡು ಧ್ರುವಗಳಿಗೆ ಎರಡು ಮೂರು ಸೆಕೆಂಡು ಮಾತ್ರ ಮುಟ್ಟಿಸಿ. ಸೂಜಿ ಪಕ್ಕಕ್ಕೆ ತಿರುಗುತ್ತದೆ. ಕೋಶವನ್ನು ಅದಲು ಬದಲು ಮಾಡಿದರೆ ಎದುರು ಪಕ್ಕಕ್ಕೆ ತಿರುಗುತ್ತದೆ. ತಂತಿಯನ್ನು ದಿಕ್ಸೂಚಿಯ ಅಡಿಯಲ್ಲಿ ಹಾಯಿಸಿದರೂ ಹಾಗೆಯೇ. ಹೆಚ್ಚು ಹೊತ್ತು ಮುಟ್ಟಿಸಿದರೆ ತಂತಿಯೂ ಕೋಶವೂ ಬಿಸಿಯಾಗುತ್ತವೆ. ಗೋಡೆಯ ಪ್ಲಗ್ಗಿನ ವಿದ್ಯುತ್ತಿನಿಂದ ಈ ಪ್ರಯೋಗವನ್ನು ಎಂದಿಗೂ ಮಾಡಬಾರದು. ಅದು ಪ್ರಾಣಕ್ಕೆ ಅಪಾಯ.

1820ರಲ್ಲಿ ಕೋಪನ್‌ಹೇಗನ್ನಿನ ಪ್ರಾಧ್ಯಾಪಕ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಕಂಡದ್ದು ಇದನ್ನೇ. ಅಂದಿನವರನ್ನು ಬೆರಗುಗೊಳಿಸಿದ ಸಂಗತಿ ಸೂಜಿ ಅಲುಗಿದ್ದಷ್ಟೇ ಆಗಿರಲಿಲ್ಲ. ಸೂಜಿ ತಂತಿಯ ಕಡೆಗೆ ಎಳೆಯಲ್ಪಡಲಿಲ್ಲ, ತಂತಿಯಿಂದ ದೂರಕ್ಕೂ ತಳ್ಳಲ್ಪಡಲಿಲ್ಲ. ತಂತಿಗೆ ಅಡ್ಡವಾಗಿ ನಿಲ್ಲಲು ಹವಣಿಸಿತು. ಕಾಂತಕ್ಷೇತ್ರವು ತಂತಿಯನ್ನು ಬಳೆಗಳಂತೆ ಸುತ್ತುವರಿದಿರುತ್ತದೆ ಎಂಬುದು ಇದರಿಂದ ತಿಳಿಯಿತು. ಬಲಗೈಯ ಹೆಬ್ಬೆರಳನ್ನು ಪ್ರವಾಹದ ದಿಕ್ಕಿಗೆ ಚಾಚಿ ತಂತಿಯನ್ನು ಹಿಡಿದಂತೆ ಭಾವಿಸಿದರೆ ಉಳಿದ ಬೆರಳುಗಳು ಬಾಗುವ ದಿಕ್ಕೇ ಕ್ಷೇತ್ರದ ದಿಕ್ಕು. ಸುದ್ದಿ ಪ್ಯಾರಿಸ್ಸನ್ನು ಮುಟ್ಟಿದ ಕೆಲವೇ ವಾರಗಳಲ್ಲಿ ಅಲ್ಲಿಯ ವಿಜ್ಞಾನಿ ಆಂಪೇರ್ ಅವರು ಸಮಾಂತರವಾದ ಎರಡು ತಂತಿಗಳಲ್ಲಿ ಪ್ರವಾಹ ಒಂದೇ ದಿಕ್ಕಿಗಿದ್ದರೆ ಅವು ಪರಸ್ಪರ ಆಕರ್ಷಿಸುತ್ತವೆ, ಎದುರು ದಿಕ್ಕಿಗಿದ್ದರೆ ವಿಕರ್ಷಿಸುತ್ತವೆ ಎಂದು ತೋರಿಸಿದರು. ಅಲ್ಲಿ ಅಯಸ್ಕಾಂತವೇ ಇಲ್ಲ, ಆದರೂ ಕಾಂತೀಯ ಬಲವಿದೆ!

ಅಯಸ್ಕಾಂತದೊಳಗೂ ಕಾಣದಷ್ಟು ಚಿಕ್ಕ ಪ್ರವಾಹಗಳು ಸುತ್ತುತ್ತಿರಬೇಕು ಎಂದು ಆಂಪೇರ್ ಊಹಿಸಿದರು. ಊಹೆಯ ದಿಕ್ಕು ಸರಿಯಾಗಿತ್ತು. ಇಂದು ನಮಗೆ ತಿಳಿದಿರುವಂತೆ ಪ್ರತಿಯೊಂದು ಎಲೆಕ್ಟ್ರಾನೂ ಸ್ಪಿನ್ ಎಂಬ ಗುಣದಿಂದಾಗಿ ತಾನೇ ಒಂದು ಅತಿ ಪುಟ್ಟ ಅಯಸ್ಕಾಂತ. ಹೆಚ್ಚಿನ ವಸ್ತುಗಳಲ್ಲಿ ಇವು ಜೋಡಿಜೋಡಿಯಾಗಿ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಹಾಕುತ್ತವೆ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್‌ಗಳಲ್ಲಿ ಜೋಡಿಯಾಗದೆ ಉಳಿದವು ಅಕ್ಕಪಕ್ಕದ ಪರಮಾಣುಗಳೊಡನೆ ಒಂದೇ ದಿಕ್ಕಿಗೆ ಸಾಲುಗೂಡುತ್ತವೆ. ಕಬ್ಬಿಣವನ್ನು ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದರೆ ಶಾಖದ ಕುಲುಕಾಟಕ್ಕೆ ಆ ಸಾಲು ಚದುರಿಹೋಗುತ್ತದೆ, ಅಯಸ್ಕಾಂತ ಅದನ್ನು ಹಿಂದಿನಂತೆ ಸೆಳೆಯದಾಗುತ್ತದೆ.

ಪ್ರಶ್ನೆ: ಪ್ರವಾಹದಿಂದ ಕಾಂತತ್ವ ಹುಟ್ಟುವುದಾದರೆ ತಂತಿಯ ಸುರುಳಿಯ ಬಳಿ ಬಲವಾದ ಅಯಸ್ಕಾಂತವನ್ನಿಟ್ಟರೆ ಪ್ರವಾಹ ಹುಟ್ಟಬೇಕು. ನಾನು ಇಟ್ಟು ನೋಡಿದೆ, ಏನೂ ಆಗಲಿಲ್ಲ. ಏಕೆ?

ಉತ್ತರ: ಬಹಳ ಒಳ್ಳೆಯ ಪ್ರಯತ್ನ, ಇದೇ ರೀತಿ ಯೋಚಿಸಿ ನಿರಾಶರಾದವರಲ್ಲಿ ದೊಡ್ಡ ವಿಜ್ಞಾನಿಗಳಿದ್ದಾರೆ. 1825ರಲ್ಲಿ ಜಿನೀವಾದ ಕೊಲಡಾನ್ ಎಂಬವರು ಸುರುಳಿಯೊಳಗೆ ಅಯಸ್ಕಾಂತವನ್ನು ತೂರಿಸಿ, ಆ ಅಯಸ್ಕಾಂತವು ಪ್ರವಾಹ ಅಳೆಯುವ ಗ್ಯಾಲ್ವನೋಮೀಟರಿನ ಸೂಜಿಯನ್ನು ನೇರವಾಗಿ ಅಲುಗಿಸದಿರಲೆಂದು ಆ ಉಪಕರಣವನ್ನು ಪಕ್ಕದ ಕೋಣೆಯಲ್ಲಿಟ್ಟಿದ್ದರು. ಅಯಸ್ಕಾಂತವನ್ನು ತೂರಿಸಿ ನಡೆದುಹೋಗಿ ನೋಡುವಷ್ಟರಲ್ಲಿ ಸೂಜಿ ಮೊದಲಿನ ಸ್ಥಾನಕ್ಕೆ ಮರಳಿರುತ್ತಿತ್ತು. ಎಚ್ಚರಿಕೆಯೇ ಅವರಿಗೆ ಅಡ್ಡಿಯಾಯಿತು. ಹಲವು ಸಲ ವಿಫಲರಾಗಿದ್ದ ಮೈಕೆಲ್ ಫ್ಯಾರಡೆ 1831ರಲ್ಲಿ ಗುಟ್ಟನ್ನು ಹಿಡಿದರು: ಸುರುಳಿಯ ಮೂಲಕ ಹಾದುಹೋಗುವ ಕಾಂತಕ್ಷೇತ್ರ ಬದಲಾಗುತ್ತಿರುವಷ್ಟು ಹೊತ್ತು ಮಾತ್ರ ಪ್ರವಾಹ ಹುಟ್ಟುತ್ತದೆ. ನಿಮ್ಮ ಅಯಸ್ಕಾಂತವನ್ನು ಸುರುಳಿಯೊಳಗೆ ಬೇಗ ತಳ್ಳಿ, ಬೇಗ ಹೊರಗೆಳೆಯಿರಿ. ಸೂಕ್ಷ್ಮವಾದ ಗ್ಯಾಲ್ವನೋಮೀಟರಿನ ಸೂಜಿ ಒಮ್ಮೆ ಈ ಕಡೆಗೂ ಒಮ್ಮೆ ಆ ಕಡೆಗೂ ಅಲುಗುವುದನ್ನು ಕಾಣುತ್ತೀರಿ.

ನಿಶ್ಚಲ ಅಯಸ್ಕಾಂತದಿಂದ ಪ್ರವಾಹ ನಿರಂತರವಾಗಿ ಬರುವಂತಿದ್ದರೆ, ಯಾರೂ ಯಾವ ಕೆಲಸವನ್ನೂ ಮಾಡದೆ ದೀಪ ಉರಿಯಬೇಕಾಗುತ್ತಿತ್ತು. ಅಯಸ್ಕಾಂತವನ್ನು ತಳ್ಳುವ ಕೈಗೆ ಸುರುಳಿ ತುಸು ಎದುರೊಡ್ಡುತ್ತದೆ. ಹುಟ್ಟಿದ ಪ್ರವಾಹದ ಕಾಂತಕ್ಷೇತ್ರ ಯಾವಾಗಲೂ ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನು ತಡೆಯುವ ದಿಕ್ಕಿನಲ್ಲಿರುತ್ತದೆ ಎಂಬುದು ಲೆನ್ಸ್ ನಿಯಮ. ಆ ಅಡ್ಡಿಯನ್ನು ಮೀರಲು ಕೈ ಮಾಡುವ ಕೆಲಸವೇ ವಿದ್ಯುತ್ ಶಕ್ತಿಯಾಗಿ ಮಾರ್ಪಡುತ್ತದೆ. ಜಲಾಶಯದ ನೀರಿನಿಂದಲೋ ಹಬೆಯಿಂದಲೋ ತಿರುಗುವ ಜನರೇಟರುಗಳಲ್ಲಿ ಕೈಯ ಬದಲು ನೀರು ಅಥವಾ ಹಬೆ ಈ ಕೆಲಸವನ್ನು ಮಾಡುತ್ತದೆ.

ಈ ಅಡ್ಡಿಯನ್ನು ಕಣ್ಣಿನಿಂದಲೇ ಕಾಣಬೇಕೆಂದರೆ ದಪ್ಪಗೋಡೆಯ ತಾಮ್ರದ ಕೊಳವೆಯೊಂದನ್ನು ನೆಟ್ಟಗೆ ಹಿಡಿದು, ಅದರೊಳಗೆ ಸಡಿಲವಾಗಿ ಹೋಗುವ ಬಲವಾದ ಅಯಸ್ಕಾಂತವನ್ನು ಮೇಲಿನಿಂದ ಬಿಡಿ. ತಾಮ್ರಕ್ಕೆ ಅಯಸ್ಕಾಂತ ಅಂಟಿಕೊಳ್ಳುವುದಿಲ್ಲ, ಆದರೂ ಅದು ಜೇನಿನಲ್ಲಿ ಮುಳುಗುವ ಕಲ್ಲಿನಂತೆ ನಿಧಾನವಾಗಿ ಇಳಿಯುತ್ತದೆ. ಬೀಳುವ ಅಯಸ್ಕಾಂತ ಕೊಳವೆಯ ಗೋಡೆಯಲ್ಲಿ ಬಳೆಯಾಕಾರದ ಪ್ರವಾಹಗಳನ್ನು ಹುಟ್ಟಿಸುತ್ತದೆ, ಅವು ಅದರ ಬೀಳುವಿಕೆಯನ್ನು ತಡೆಯುತ್ತವೆ, ಕೊಳವೆ ಅಳೆಯಲಾಗದಷ್ಟು ಸ್ವಲ್ಪ ಬಿಸಿಯಾಗುತ್ತದೆ. ಅದೇ ಕೊಳವೆಯನ್ನು ಮೇಲಿನಿಂದ ಕೆಳಗಿನವರೆಗೆ ಉದ್ದಕ್ಕೆ ಸೀಳಿ ನೋಡಿದರೆ, ಪ್ರವಾಹಕ್ಕೆ ಪೂರ್ಣ ಸುತ್ತು ಬರಲು ದಾರಿಯಿಲ್ಲದೆ, ಅಯಸ್ಕಾಂತ ಮೊದಲಿಗಿಂತ ಬೇಗ ಬಿದ್ದುಬಿಡುತ್ತದೆ.