ಸಂಪಾದಕರ ಉತ್ತರ: ಎರವಲು ತಂದ ನಂಬಿಕೆ

ಮಾನ್ಯರೇ,

ನ್ಯಾಯಾಲಯಗಳು ನಿಧಾನವಾಗಿರುವ, ಸಣ್ಣ ವ್ಯಾಪಾರಿಗೆ ಸಾಲ ಹುಟ್ಟದ, ಸರಕಿನ ಗುಣಮಟ್ಟಕ್ಕೆ ಖಾತರಿ ಕೊಡುವವರೇ ಇಲ್ಲದ ದೇಶಗಳಲ್ಲಿ ವಿದೇಶಿ ಆನ್‌ಲೈನ್ ಮಾರುಕಟ್ಟೆಗಳು ಸರ್ಕಾರ ಮಾಡಬೇಕಾದ ಕೆಲಸವನ್ನು ಮಾಡುತ್ತಿರುವಾಗ ಅವುಗಳನ್ನು ಅನುಮಾನಿಸುವುದೇಕೆ ಎಂದು ಕೇಳಿದ್ದೀರಿ. ಅವು ಆ ಕೆಲಸ ಮಾಡುತ್ತವೆ ಎಂಬುದು ನಿಜ. ಆದರೆ ಎಲ್ಲ ಕಡೆಯೂ ಅಲ್ಲ, ಯಾರ ಪರವಾಗಿ ಎಂಬುದೂ ಮುಖ್ಯ.

ಸರಕಿನ ಗುಣ ಕೊಳ್ಳುವವನಿಗೆ ತಿಳಿಯದಿದ್ದರೆ ಒಳ್ಳೆಯ ಸರಕೇ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ತೋರಿಸಿದರು. ಹಿಂದುಳಿದ ದೇಶಗಳಲ್ಲಿ ಈ ಅಪನಂಬಿಕೆಯ ಬೆಲೆ ಹೆಚ್ಚು ಎಂಬುದನ್ನೂ ಅದೇ ಲೇಖನದಲ್ಲಿ ಚರ್ಚಿಸಿದರು. ಇಂಥ ಕೊರತೆಯನ್ನು ದೊಡ್ಡ ಉದ್ಯಮ ಸಮೂಹಗಳು ತಮ್ಮೊಳಗೇ ತುಂಬಿಕೊಳ್ಳುತ್ತವೆ ಎಂದು ನಿರ್ವಹಣಾಶಾಸ್ತ್ರದ ವಿದ್ವಾಂಸರಾದ ತರುಣ್ ಖನ್ನಾ ಮತ್ತು ಕೃಷ್ಣ ಪಾಲೆಪು 1997ರಲ್ಲಿ ವಿವರಿಸಿದರು. ಸಮೂಹದ ಹೆಸರಿಲ್ಲದ ಒಂಟಿ ಮಾರಾಟಗಾರನಿಗೆ ರೇಟಿಂಗ್, ಹಣ ತಡೆಹಿಡಿದು ಪಾವತಿಸುವ ವ್ಯವಸ್ಥೆ, ತಕರಾರು ಇತ್ಯರ್ಥ ಇವೆಲ್ಲ ಈಗ ಆನ್‌ಲೈನ್ ಮಾರುಕಟ್ಟೆಯಿಂದ ಸಿಗುತ್ತಿವೆ.

ರಫ್ತಿನಲ್ಲಿ ಇದರ ಲಾಭ ನಿಚ್ಚಳ. ದೂರದ ಶ್ರೀಮಂತ ದೇಶದ ಗ್ರಾಹಕ ನಂಬುವುದು ಮಾರಾಟಗಾರನ ದೇಶದ ಕಾನೂನನ್ನಲ್ಲ, ತನ್ನ ಕಾರ್ಡ್ ಕಂಪನಿ ಹಣ ಹಿಂದಿರುಗಿಸುತ್ತದೆ ಎಂಬ ಭರವಸೆಯನ್ನು. ಅಂದರೆ ಕೊಳ್ಳುವವನ ದೇಶದ ಸಂಸ್ಥೆಗಳನ್ನು ಮಾರುವವನು ಎರವಲು ಪಡೆಯುತ್ತಾನೆ. ದುಡಿಮೆಯ ಮಾರುಕಟ್ಟೆಯಲ್ಲೂ ಹೀಗೆಯೇ: ದೃಢಪಟ್ಟ ಹಿಂದಿನ ಕೆಲಸದ ದಾಖಲೆಯಿಂದ ಬಡ ದೇಶಗಳ ಅರ್ಜಿದಾರರಿಗೆ ಶ್ರೀಮಂತ ದೇಶಗಳವರಿಗಿಂತ ಹೆಚ್ಚು ಅನುಕೂಲವಾಯಿತು ಎಂದು ಆನ್‌ಲೈನ್‌ನಲ್ಲಿ ಬಿಡಿ ಕೆಲಸ ಕೊಡಿಸುವ ಒಡೆಸ್ಕ್ ತಾಣದ ಮೇಲೆ ನಡೆದ ಅಧ್ಯಯನವೊಂದು ಕಂಡುಕೊಂಡಿತು.

ದೇಶದೊಳಗಿನ ವ್ಯಾಪಾರಕ್ಕೆ ಬಂದಾಗ ಕೊಳ್ಳುವವನೂ ಮಾರುವವನೂ ಅದೇ ದುರ್ಬಲ ವ್ಯವಸ್ಥೆಯೊಳಗಿರುವುದರಿಂದ ಎರವಲು ಕೊಡಲು ಅಂಥದ್ದೇನೂ ಇರುವುದಿಲ್ಲ. ಚೀನಾದಲ್ಲಿ ಅಮೆರಿಕದ ಆನ್‌ಲೈನ್ ಮಾರುಕಟ್ಟೆ ಇಬೇ ಎಡವಿದ್ದಕ್ಕೆ ಕಾರಣಗಳು ಹಲವಿದ್ದರೂ ನನಗೆ ಮುಖ್ಯವೆನಿಸುವುದು ಇದು. ಅದರ ಪ್ರತಿಸ್ಪರ್ಧಿಯಾಗಿ 2003ರಲ್ಲಿ ಹುಟ್ಟಿದ ಚೀನಾದ್ದೇ ತಾಣ ತಾವೊಬಾವೊ, ಸರಕು ಕೈಸೇರಿತೆಂದು ಗ್ರಾಹಕ ಹೇಳುವವರೆಗೆ ಹಣವನ್ನು ಅಲಿಪೇ ಎಂಬ ಪಾವತಿ ಸೇವೆಯ ಮೂಲಕ ತಡೆಹಿಡಿಯಿತು. ಅಪರಿಚಿತರ ನಡುವೆ ಆಗ ಬೇಕಾಗಿದ್ದದ್ದು ಅದೇ. 2006ರ ಕೊನೆಗೆ ಇಬೇ ಅಲ್ಲಿನ ತನ್ನ ತಾಣವನ್ನು ಸ್ಥಳೀಯ ಪಾಲುದಾರರಿಗೆ ಒಪ್ಪಿಸಿ ಹಿಂದೆ ಸರಿಯಿತು. ಕೊರತೆಯನ್ನು ತುಂಬಬೇಕಾದ ವಿದೇಶಿ ಸಂಸ್ಥೆಗೆ ಆ ಕೊರತೆಯೇ ತೊಡಕಾಯಿತು. (ರಸ್ತೆ, ಅಂಚೆ, ಬಂದರು, ಸುಂಕದ ಕಚೇರಿಗಳ ಕೊರತೆಯನ್ನಂತೂ ಯಾವ ತಾಣವೂ ತುಂಬಲಾರದು.)

ಇನ್ನು ಅನುಮಾನದ ವಿಷಯ. ವರ್ಷಗಟ್ಟಲೆ ಗಳಿಸಿದ ರೇಟಿಂಗ್ ಇರುವುದು ತಾಣದ ವಶದಲ್ಲಿ. ಅಲ್ಲಿ ನಿಯಮ ಬರೆಯುವವರು, ಕಮಿಷನ್ ವಸೂಲಿ ಮಾಡುವವರು, ತಕರಾರಿನಲ್ಲಿ ತೀರ್ಪು ಕೊಡುವವರು ಒಬ್ಬರೇ. ಖಾತೆ ಅಮಾನತಾದರೆ ಮಾರಾಟಗಾರ ಮೇಲ್ಮನವಿಗೆ ಹೋಗಬೇಕಾದದ್ದೂ ಅವರ ಬಳಿಗೇ. ಮಾರಾಟಗಾರರ ಸೇವೆ ನಿಲ್ಲಿಸಿದರೆ ತಾಣಗಳು ಕಾರಣ ಕೊಡಬೇಕೆಂಬ ನಿಯಮವನ್ನು ಐರೋಪ್ಯ ಒಕ್ಕೂಟ 2020ರ ಜುಲೈನಿಂದ ಜಾರಿಗೊಳಿಸಿತು. ಆದರೆ ಅದರ ರಕ್ಷಣೆ ಒಕ್ಕೂಟದೊಳಗೆ ನೆಲೆಸಿರುವ ವ್ಯಾಪಾರಿಗಳಿಗೆ. ತನ್ನ ನೆಲದ ಕಾನೂನು ದುರ್ಬಲವೆಂದೇ ವಿದೇಶಿ ತಾಣದ ಮೊರೆಹೋದ ಮಾರಾಟಗಾರನಿಗೆ ಎರಡೂ ಕಡೆಯ ರಕ್ಷಣೆ ಇಲ್ಲ.

ಆದ್ದರಿಂದ ಈ ತಾಣಗಳನ್ನು ಹೊರಗಿಡಬೇಕೆಂಬುದು ನನ್ನ ವಾದವಲ್ಲ. ಮಾರಾಟಗಾರನ ವಹಿವಾಟಿನ ದಾಖಲೆ ಅವನ ಆಸ್ತಿಯೆಂದು ಒಪ್ಪಿ, ಅವನು ಕೇಳಿದಾಗ ದೃಢೀಕರಿಸಿದ ಪ್ರತಿ ಕೊಡಬೇಕೆಂದು ಆಯಾ ದೇಶದ ಕಾನೂನು ವಿಧಿಸಿದರೆ, ಅದನ್ನು ಹಿಡಿದು ಅವನು ತನ್ನ ಊರಿನ ಬ್ಯಾಂಕಿನಲ್ಲೂ ಸಾಲ ಕೇಳಬಹುದು, ಬೇರೆ ತಾಣದಲ್ಲೂ ಅಂಗಡಿ ತೆರೆಯಬಹುದು.

— ಸಂಪಾದಕ