ಇರುವೆಯ ಬಣ್ಣ ನಂಬಬೇಡಿ

ನಮಸ್ಕಾರ,

ಕಾಳು ಕೂಡಿಡುವ ಹಾರ್ವೆಸ್ಟರ್ ಇರುವೆಗಳನ್ನು ಗುರುತಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ ಕೈಬಿಡುವ ಲೇಖನವೂ ಅಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲ ಪುಟದ ತುಂಬ ಇರುವೆಯ ಶ್ರಮ, ಶಿಸ್ತು, ಒಗ್ಗಟ್ಟು. ಅದನ್ನು ಪೂರ್ತಿ ತೆಗೆಯಿರಿ. ಓದುಗರು ಬಂದದ್ದು ಇರುವೆ ಗುರುತಿಸಲು, ಬುದ್ಧಿವಾದ ಕೇಳಲು ಅಲ್ಲ.

ದೊಡ್ಡ ತಕರಾರು ಬಣ್ಣದ್ದು. ‘ಕೆಂಪಗಿದ್ದರೆ ಪೊಗೊನೊಮಿರ್ಮೆಕ್ಸ್, ಕಪ್ಪಗಿದ್ದರೆ ಮೆಸ್ಸರ್’ ಎಂದು ಬರೆದಿದ್ದೀರಿ. ಎರಡೂ ಹಾರ್ವೆಸ್ಟರ್ ಇರುವೆಗಳ ಕುಲಗಳು, ಒಂದೊಂದರಲ್ಲೂ ಹಲವು ಜಾತಿ. ಮೆಸ್ಸರ್ ಬಾರ್ಬಾರಸ್‌ನ ದೊಡ್ಡ ಕೆಲಸಗಾರ್ತಿಯರ ತಲೆ ಎಷ್ಟೋ ಸಲ ಕೆಂಪಗೇ ಇರುತ್ತದೆ. ಪೊಗೊನೊಮಿರ್ಮೆಕ್ಸ್ ರುಗೋಸಸ್‌ನಲ್ಲಿ ಕಡುಗಂದು ಇರುವೆಗಳೂ ಸಿಗುತ್ತವೆ. ಆಗಷ್ಟೇ ಪೊರೆಯಿಂದ ಹೊರಬಂದದ್ದಾದರೆ ಯಾವುದಾದರೂ ಮಾಸಲೇ. ಒಂದೇ ಗೂಡಿನಲ್ಲಿ ಗಾತ್ರ ಬೇರೆಬೇರೆ ಇದ್ದರೆ ಮೆಸ್ಸರ್ ಎಂಬ ಮಾತೂ ನಿಲ್ಲುವುದಿಲ್ಲ. ಮೆಸ್ಸರ್ ಗೂಡಿನಲ್ಲಿ ಸಣ್ಣವೂ ದಪ್ಪತಲೆಯವೂ ಒಟ್ಟಿಗಿರುತ್ತವೆ, ಸರಿ. ಆದರೆ ಪೊಗೊನೊಮಿರ್ಮೆಕ್ಸ್ ಬೇಡಿಯಸ್‌ನಲ್ಲೂ ದಪ್ಪತಲೆಯವು ಇವೆಯಲ್ಲ!

ಸೊಂಟದ ಎರಡು ಗಂಟುಗಳಿಗೆ ಒಂದಿಡೀ ಪ್ಯಾರಾ ಕೊಟ್ಟಿದ್ದೀರಿ. ಈ ಎಲ್ಲ ಗುಂಪುಗಳಿಗೂ ಎರಡೇ ಗಂಟು. ಬೇರೆ ಮಾಡಲು ಅದರಿಂದ ಏನೂ ಉಪಯೋಗವಿಲ್ಲ. ಒಂದು ವಾಕ್ಯ ಸಾಕು.

ಲೇಖನಕ್ಕೆ ಜೀವ ಬರುವುದು ಮೂರನೇ ಪುಟದಲ್ಲಿ, ಗಡ್ಡದ ಹತ್ತಿರ. ತಲೆಯ ಅಡಿಯಲ್ಲಿ ಉದ್ದನೆಯ ಬಾಗಿದ ಕೂದಲು, ಅದರೊಳಗೆ ಸಡಿಲ ಮರಳನ್ನು ತುಂಬಿಕೊಂಡು ಗೂಡಿನ ಬಾಯಿಗೆ ಬರುವ ಇರುವೆ. ಇದನ್ನು ನೀವು ಲೆನ್ಸ್ ಹಿಡಿದು ಕೂತು ನೋಡಿದ್ದೀರಿ ಅಂತ ಓದುವಾಗಲೇ ಗೊತ್ತಾಗುತ್ತದೆ. ಅಲ್ಲೂ ಒಂದು ಆತುರ ಮಾಡಿದ್ದೀರಿ: ‘ಗಡ್ಡ ಇದ್ದರೆ ಪೊಗೊನೊಮಿರ್ಮೆಕ್ಸ್, ಮುಗಿಯಿತು.’ ಮುಗಿಯುವುದಿಲ್ಲ. ಪೊಗೊನೊಮಿರ್ಮೆಕ್ಸ್ ಇರುವ ಉತ್ತರ ಅಮೆರಿಕದ ಮರುಭೂಮಿಗಳಲ್ಲೇ ವೆರೊಮೆಸ್ಸರ್ ಪೆರ್ಗಾಂಡೈ ಎಂಬ ಇನ್ನೊಂದು ಹಾರ್ವೆಸ್ಟರ್ ಇರುವೆಯೂ ಇದೆ. ಮಿರಮಿರ ಹೊಳೆಯುವ ಕಪ್ಪು ಇರುವೆ, ಒಳ್ಳೇ ಗಡ್ಡವೂ ಉಂಟು. ನಿಮ್ಮ ಪಟ್ಟಿಯಲ್ಲಿ ಅದು ಮೆಸ್ಸರ್ ಕುಲದಲ್ಲೇ ಇದೆ. 2015ರಲ್ಲಿ ವೆರೊಮೆಸ್ಸರ್ ಅನ್ನು ಮತ್ತೆ ಬೇರೆ ಕುಲ ಮಾಡಿದ್ದಾರೆ, ತಿದ್ದಿಕೊಳ್ಳಿ.

ಹಾಗಾದರೆ ಬೇರೆ ಮಾಡುವುದು ಹೇಗೆ? ಇರುವೆಯನ್ನು ಪಕ್ಕದಿಂದ ನೋಡಬೇಕು. ಪೊಗೊನೊಮಿರ್ಮೆಕ್ಸ್‌ನ ಎದೆಭಾಗದ ಮೇಲ್ಗೆರೆ ನಡುವೆ ಎಲ್ಲೂ ತಗ್ಗದೆ ಸಾಗುತ್ತದೆ. ಮೆಸ್ಸರ್ ಮತ್ತು ವೆರೊಮೆಸ್ಸರ್‌ನಲ್ಲಿ ಮುಂಭಾಗ ಉಬ್ಬಿ, ಆಮೇಲೆ ತಗ್ಗುತ್ತದೆ. ಈ ತಗ್ಗಿನ ಮಾತೇ ನಿಮ್ಮ ಲೇಖನದಲ್ಲಿ ಇಲ್ಲ! ಬದಲಿಗೆ ಎದೆಯ ಹಿಂತುದಿಯ ಜೋಡಿ ಮುಳ್ಳನ್ನು ಹಿಡಿದುಕೊಂಡಿದ್ದೀರಿ. ಅದು ಕುಲ ಹೇಳುವುದಿಲ್ಲ, ಕುಲದೊಳಗೆ ಜಾತಿ ಬೇರೆ ಮಾಡಲು ಬೇಕಾಗುತ್ತದೆ. ಪೊಗೊನೊಮಿರ್ಮೆಕ್ಸ್‌ನಲ್ಲೇ ರುಗೋಸಸ್ ಜಾತಿಗೆ ಮುಳ್ಳಿದೆ, ಕ್ಯಾಲಿಫೋರ್ನಿಕಸ್‌ಗೆ ಇಲ್ಲ.

‘ಕಚ್ಚಿಸಿಕೊಂಡರೆ ತಾನೇ ಗೊತ್ತಾಗುತ್ತದೆ’ ಎಂಬ ತಮಾಷೆಯೂ ಬೇಡ. ಪೊಗೊನೊಮಿರ್ಮೆಕ್ಸ್ ಕೊಂಡಿಯ ನೋವು ಗಂಟೆಗಟ್ಟಲೆ ಇಳಿಯುವುದಿಲ್ಲ. ಯಾರಾದರೂ ಸುಮ್ನೆ ಕೈ ಇಟ್ಟು ನೋಡಿಯಾರು.

ಗಡ್ಡದಿಂದಲೇ ಶುರು ಮಾಡಿ, ಅಲ್ಲಿಂದ ನೇರ ಎದೆಗೆ ಬನ್ನಿ, ಬಣ್ಣ ಕೊನೆಗಿರಲಿ. ಪಕ್ಕದಿಂದ ತೆಗೆದ ಎರಡು ಫೋಟೊ ಜೊತೆಗೆ ಕಳಿಸಿ, ಒಂದು ತಗ್ಗು ಇರುವುದು, ಒಂದು ಇಲ್ಲದ್ದು. ಮತ್ತೆ ಓದುತ್ತೇನೆ.

ಸಂಪಾದಕ