ಡಬ್ಬಿ ಕೊಳ್ಳೋಕೆ ಮುಂಚೆ ಇದನ್ನು ಓದಿ

ಎರಡು ರೂಮಿನ ಬಾಡಿಗೆ ಮನೆಗೆ ಯಾವ ಡಬ್ಬಿ ಸೆಟ್ ತಂದರೆ ಓರಣವಾಗುತ್ತೆ, ಸಂಕ್ರಾಂತಿಗೆ ಕೈಯಾರೆ ಮಾಡಿದ್ದು ಏನು ಕೊಡಬಹುದು ಅಂತ ಕೇಳಿದ್ದೀರಿ. ಮದುವೆಯಾಗಿ ಮೈಸೂರಿಗೆ ಬಂದ ವರ್ಷ ನನ್ನ ತಲೆಯಲ್ಲೂ ಇವೆರಡೇ ಇದ್ದವು.

ತವರು ಪಾಂಡವಪುರದ ಹತ್ತಿರ. ಅಲ್ಲಿ ಅಟ್ಟ, ಹಜಾರ, ಹಿತ್ತಿಲು ಎಲ್ಲ ಇದ್ದಿದ್ದರಿಂದ ಸಾಮಾನು ಎಲ್ಲಿಟ್ಟರೂ ನಡೀತಿತ್ತು. ಕುವೆಂಪುನಗರದ ಮನೆಯಲ್ಲಿ ಅಡುಗೆಮನೆಗೆ ಒಂದು ಸಜ್ಜ, ಕೆಲವು ಶೆಲ್ಫು, ಅಷ್ಟೇ. ಮುಯ್ಯಿಗೆ ಬಂದ ಗಡಿಯಾರ, ಗಾಜಿನ ಲೋಟ, ಸ್ಟೀಲ್ ಪಾತ್ರೆ, ಊರಿಂದ ಬಂದ ರಾಗಿ ಮೂಟೆ, ಎಲ್ಲ ಕಾಲಿಗೆ ಎಡವುತ್ತಿದ್ದವು. ಶಿವರಾಂಪೇಟೆಗೆ ಹೋಗಿ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಚೀಲಗಟ್ಟಲೆ ತಂದೆ. ಕಣ್ಣಿಗೆ ಮನೆ ಚೆಂದ ಕಂಡಿತು. ಆದರೆ ಏನನ್ನೂ ಕಡಿಮೆ ಮಾಡದೆ ಬರೀ ಮುಚ್ಚಿಟ್ಟಿದ್ದೆ. ತೊಗರಿಬೇಳೆ ಎಲ್ಲಿದೆ ಅಂತ ಗೊತ್ತಾಗದೆ ಮತ್ತೆ ತರಿಸೋದು, ಹಿಂದೆ ಸರಿದ ಕಾಳಿಗೆ ಹುಳ ಹಿಡಿಯೋದು ಶುರುವಾಯ್ತು.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಹೊಸ ಮದುಮಗಳು ಎಳ್ಳು ಬೀರೋದು ನಮ್ಮ ಕಡೆ ದೊಡ್ಡ ವಿಷಯ. ಮೊದಲ ವರ್ಷ 5 ಬಾಳೆಹಣ್ಣು, ಎರಡನೇ ವರ್ಷ 10, ಹೀಗೆ ಐದನೇ ವರ್ಷಕ್ಕೆ 25. ಉಳಿದ ಸಣ್ಣ ಡಬ್ಬಿಗಳು ಕಣ್ಣೆದುರಿಗಿದ್ದವು, ಅವುಗಳಲ್ಲೇ ಎಳ್ಳು ತುಂಬಿ ಕೊಡೋಣ ಅಂದುಕೊಂಡೆ. ಎಡವಟ್ಟಾಗಿದ್ದು ಅಲ್ಲೇ. ಇದನ್ನು ಬಿಡಿಸಿ ಹೇಳ್ತೀನಿ, ದಯವಿಟ್ಟು ಓದಿ.

ಕೊಬ್ಬರಿ ಚೂರನ್ನು ಬಿಸಿಲಿಗೆ ಹಾಕಿ, ಮೊರದಲ್ಲಿ ಕೇರಿದರೆ ಗಲಗಲ ಅನ್ನಬೇಕು ಅಂತ ಅಮ್ಮ ಫೋನಲ್ಲಿ ಹೇಳಿದ್ದರು. ಗಾಳಿಯಾಡದ ಡಬ್ಬಿ ಇರುವಾಗ ಅಷ್ಟು ಯಾಕೆ ಒಣಗಿಸಬೇಕು ಅಂತ ನಾನು ಬೇಗ ಎತ್ತಿಬಿಟ್ಟೆ. ಬೆಲ್ಲವೂ ಮೆತ್ತಗಿತ್ತು. ಕಡಲೆಬೀಜ, ಎಳ್ಳು ಹುರಿದ ಬಿಸಿ ಪೂರ್ತಿ ಆರುವ ಮೊದಲೇ ಎಲ್ಲ ಬೆರೆಸಿ ರಾತ್ರಿ ಮುಚ್ಚಳ ಒತ್ತಿದೆ. ಜನವರಿಯ ಚಳಿಗೆ ಒಳಗಿನ ಬಿಸಿ ಗಾಳಿಯ ತೇವ ಮುಚ್ಚಳದಲ್ಲಿ ಹನಿಗಟ್ಟಿತ್ತು. ಬೆಳಿಗ್ಗೆ ನೋಡಿ, ಬಟ್ಟೆಯಿಂದ ಒರೆಸಿ, ಸರಿಹೋಯ್ತು ಅಂದುಕೊಂಡೆ. ಸರಿಹೋಗಿರಲಿಲ್ಲ. ಬೆಲ್ಲಕ್ಕೆ ತೇವ ಎಳೆದುಕೊಳ್ಳೋ ಗುಣ ಇದೆ. ಹಸಿ ಉಳಿದ ಕೊಬ್ಬರಿಯಿಂದ ಬಂದ ತೇವವನ್ನೂ ಅದೇ ಹೀರಿ ಒಸರೋಕೆ ಶುರುವಾಯ್ತು, ಎಳ್ಳು ಅದಕ್ಕೆ ಅಂಟಿ ಮುದ್ದೆಯಾಯ್ತು, ಕೊಬ್ಬರಿಗೆ ಬೂಷ್ಟು ಬಂತು. ಬಿಗಿ ಮುಚ್ಚಳ ಹೊರಗಿನ ತೇವವನ್ನು ತಡೆದ ಹಾಗೆ ಒಳಗಿನದನ್ನೂ ಹೊರಗೆ ಬಿಡೋದಿಲ್ಲ.

ಇದು ತಿಳಿಯೋ ಮೊದಲೇ ಡಬ್ಬಿಗಳನ್ನು ಮನೆಮನೆಗೆ ಕೊಟ್ಟಾಗಿತ್ತು. ಹಬ್ಬ ಮುಗಿದ ಮೇಲೆ ಪಕ್ಕದ ಮನೆ ಆಂಟಿ ಬಂದು, "ಎಳ್ಳು ಕೆಟ್ಟಿದೆ. ಮೊದಲ ವರ್ಷದ ಎಳ್ಳು ಕಣಮ್ಮ, ಹೇಳದೆ ಇರೋಕೆ ಮನಸ್ಸು ಬರಲಿಲ್ಲ" ಅಂದರು. ಅತ್ತೆ ಮುಖ ಸಣ್ಣದಾಯ್ತು. ಮತ್ತೆ ಅಷ್ಟೂ ಹೆಚ್ಚಿ, ಹುರಿದು, ರಥಸಪ್ತಮಿಯೊಳಗೆ ಪ್ರತಿ ಮನೆಗೂ ಹೋಗಿ ಬಂದೆವು. ಖರ್ಚು ಎರಡರಷ್ಟಾಯ್ತು. ಅತ್ತೆ ನನ್ನ ಜೊತೆ ಕೂತು ಕೊಬ್ಬರಿ ಹೆಚ್ಚಿದ್ದನ್ನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಯಾವ ಡಬ್ಬಿ ಅಂತ ನಾನು ಹೇಳೋದಿಲ್ಲ, ಯಾವುದೂ ಬೇಡ. ಮೊದಲು ಸಜ್ಜ ಪೂರ್ತಿ ಇಳಿಸಿ. ಒಂದು ವರ್ಷ ಮುಟ್ಟದ್ದನ್ನು ಕೊಟ್ಟುಬಿಡಿ. ನಮ್ಮ ಗಡಿಯಾರಗಳಲ್ಲಿ ಒಂದು ಈಗ ಊರಿನ ಅಂಗನವಾಡಿಯಲ್ಲಿದೆ. ಉಳಿದಿದ್ದಕ್ಕೆ ಮನೆಯಲ್ಲಿರೋ ಸ್ಟೀಲ್ ಡಬ್ಬಿ, ಹಳೇ ಗಾಜಿನ ಬಾಟಲಿ ಧಾರಾಳವಾಗಿ ಸಾಕು. ದಿನಾ ಬೇಕಾದ್ದು ಸೊಂಟದಿಂದ ಕಣ್ಣಿನ ಮಟ್ಟದೊಳಗೆ, ಹಬ್ಬದ ಪಾತ್ರೆ ಸಜ್ಜದ ಮೇಲೆ, ರಾಗಿ ಮೂಟೆ ಗೋಡೆಗೆ ತಾಗದ ಹಾಗೆ ಹಲಗೆ ಮೇಲೆ. ಹಳೇ ಬೇಳೆ ಸುರಿದು, ಹೊಸದನ್ನು ಕೆಳಗೆ ಹಾಕಿ, ಹಳೇದನ್ನು ಮೇಲೆ ಹಾಕಿ.

ಉಡುಗೊರೆಗೆ ಬಾಟಲಿಗೆ ಬಣ್ಣ ಬಳಿಯೋದು, ಗೋಡೆಗೆ ನೇತುಹಾಕೋ ಅಲಂಕಾರ, ಇವೆಲ್ಲ ಬೇಡ. ನಿಮ್ಮ ಸಜ್ಜದಿಂದ ಇಳಿದದ್ದು ಅವರ ಸಜ್ಜಕ್ಕೆ ಏರುತ್ತೆ, ಅವರು ಅದನ್ನು ಬಿಸಾಕೋಕೂ ಆಗದೆ ಒದ್ದಾಡ್ತಾರೆ. ತಿಂದು ಮುಗಿಯೋದನ್ನೇ ಕೊಡಿ. ನಮ್ಮ ಊರಲ್ಲಿ ಸಂಕ್ರಾಂತಿಗೆ ಎಳ್ಳುಬೆಲ್ಲಕ್ಕಿಂತ ದೊಡ್ಡ ಉಡುಗೊರೆ ಹುಡುಕಬೇಕಿಲ್ಲ.

ಹಬ್ಬ ಜನವರಿ 14 ಇಲ್ಲ 15ಕ್ಕೆ ಬರುತ್ತೆ, ವಾರ ಮೊದಲೇ ಕೂತುಕೊಳ್ಳಿ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಗಲಗಲ ಅನ್ನೋವರೆಗೂ ಬಿಸಿಲಿಗಿಡಿ. ಗಟ್ಟಿ ಅಚ್ಚುಬೆಲ್ಲವನ್ನೇ ಆರಿಸಿ, ಅಡಕತ್ತರಿಯಲ್ಲಿ ಚೂರು ಮಾಡಿ, ಅದಕ್ಕೂ ಬಿಸಿಲು ತೋರಿಸಿ. ಕಡಲೆಬೀಜ ಹುರಿದು ಸಿಪ್ಪೆ ಉದುರಿಸಿ ಎರಡು ಹೋಳು ಮಾಡಿ. ಬಿಳಿ ಎಳ್ಳು ಚಟಪಟ ಅಂದ ಕೂಡಲೇ ತಟ್ಟೆಗೆ ಸುರಿದು ಕೈಗೆ ತಣ್ಣಗಾಗೋವರೆಗೂ ಬಿಡಿ. ಹುರಿಗಡಲೆ ಸೇರಿಸಿ ಬೆರೆಸೋದು ಕೊನೆಗೆ. ಬಟರ್ ಪೇಪರ್ ಪೊಟ್ಟಣ ಕಟ್ಟಿ, ಹಳೇ ಕಾಟನ್ ಸೀರೆಯಿಂದ ಹೊಲಿದ ಪುಟ್ಟ ಚೀಲದಲ್ಲಿ ಹಾಕಿ ಕೊಡಿ. ಆ ಚೀಲ ಆಮೇಲೆ ಬೆಳ್ಳುಳ್ಳಿಗಾದರೂ ಬರುತ್ತೆ.

ಸಕ್ಕರೆ ಕಾಯಿಲೆ ಇರೋ ಹಿರಿಯರ ಮನೆಗೆ ಎಳ್ಳುಬೆಲ್ಲ ಶಾಸ್ತ್ರಕ್ಕೆ ಸ್ವಲ್ಪ ಸಾಕು. ಅವರಿಗಾಗಿ ಹುಚ್ಚೆಳ್ಳು ಚಟ್ನಿಪುಡಿ ಮಾಡಿ, ಬೆಲ್ಲ ಹಾಕದೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿಸಿ. ನಮ್ಮ ಅತ್ತೆಗೆ ಈಗ ನಾನು ಅದನ್ನೇ ಮಾಡಿಕೊಡೋದು, ರೊಟ್ಟಿ ಜೊತೆ ಇಷ್ಟಪಟ್ಟು ತಿಂತಾರೆ.